ಆಕಾಶ ಬೀಳದ ಆಷಾಢ

ನಮ್ಮ ಸೋದರತ್ತೆ ಹೊಸ್ತಿಲು ದಾಟುವ ಮುನ್ನ ಒಂದು ಸಲ ಮೇಲೆ ನೋಡುತ್ತಿದ್ದಳು. ಬಲಗೈ ಬಾಗಿಲ ಚೌಕಟ್ಟಿನ ಮೇಲೆ, ಎಡಗೈ ಹುಬ್ಬಿನ ಮೇಲೆ. ಗದ್ದ ಮೇಲೆತ್ತಿದಾಗ ಅಲ್ಲಿದ್ದ ಹಸಿರು ಹಚ್ಚೆ ಎದ್ದು ಕಾಣುತ್ತಿತ್ತು. ಅವಳ ಅಂಗೈ ತಾಗಿ ತಾಗಿ ಚೌಕಟ್ಟಿನ ಆ ಜಾಗ ಎಣ್ಣೆ ಹಚ್ಚಿದ ಹಾಗೆ ಕರ್ರಗೆ ಮಿನುಗುತ್ತಿತ್ತು. ಮಳೆ ಬರುತ್ತದೋ ಇಲ್ಲವೋ ನೋಡುತ್ತಿದ್ದಾಳೆ ಎಂದು ಚಿಕ್ಕಂದಿನಲ್ಲಿ ಅಂದುಕೊಂಡಿದ್ದೆ. ಆದರೆ ಅವಳು ಬಿರುಬೇಸಿಗೆಯಲ್ಲೂ ನೋಡುತ್ತಿದ್ದಳು. ಯಾಕತ್ತೆ ಎಂದು ಕೇಳಿದರೆ, "ಬಿದ್ಗಿದ್ದಾತು ಅಂತ ಕಣವ್ವ" ಅನ್ನುತ್ತಿದ್ದಳು.

ಬೀಳಬೇಕಾಗಿದ್ದದ್ದು ಸ್ಕೈಲ್ಯಾಬು. ಅಮೆರಿಕದವರು ಆಕಾಶದಲ್ಲಿ ತೇಲಿಬಿಟ್ಟಿದ್ದ, ಮನೆಯಷ್ಟು ದೊಡ್ಡ ಪ್ರಯೋಗಾಲಯ ಹಿಡಿತ ತಪ್ಪಿ ಭೂಮಿಗೆ ಬೀಳುತ್ತದೆ, ಎಲ್ಲಿ ಬೀಳುತ್ತದೆಂದು ಹೇಳಲಾಗದು ಎಂದು ಎಪ್ಪತ್ತೊಂಬತ್ತರಲ್ಲಿ ರೇಡಿಯೋದಲ್ಲಿ ಬಂದಿತ್ತಂತೆ. ಈಗಿನ ಮಕ್ಕಳಿಗೆ ಹೇಳಿದರೆ ಬಿದ್ದು ಬಿದ್ದು ನಗುತ್ತಾರೆ. ಆದರೆ ಆ ಕಾಲದವರನ್ನು ಯಾರನ್ನಾದರೂ ಕೇಳಿ ನೋಡಿ, ಒಂದು ಗಳಿಗೆ ಅವರ ಮುಖ ಬದಲಾಗುತ್ತದೆ. ನಮ್ಮ ಕಿರಂಗೂರಿನವರಂತೂ ಅದು ತಮ್ಮ ತಲೆಯ ಮೇಲೇ ಬೀಳುವುದೆಂದು ಖಾತ್ರಿ ಮಾಡಿಕೊಂಡುಬಿಟ್ಟಿದ್ದರು. ಊರ ಮೇಲೆ ಬೀಳದಿದ್ದರೆ ಕೆ.ಆರ್.ಎಸ್. ಕಟ್ಟೆಯ ಮೇಲೆ ಬೀಳುತ್ತದೆ, ಕಟ್ಟೆ ಒಡೆದರೆ ನಾವು ಉಳಿಯುತ್ತೇವೆಯೇ ಎಂದು ವಾದಿಸಿದವರೂ ಇದ್ದರಂತೆ. ಹೇಗೂ ಸಾಯುವುದೇ ಆದ ಮೇಲೆ ಕೋಳಿ ಕುರಿಗಳನ್ನು ಯಾರಿಗೆಂದು ಉಳಿಸುವುದು? ಮನೆಮನೆಯಲ್ಲೂ ಕೊಯ್ದರು. ದಿನವೂ ಸಾರು, ದಿನವೂ ಮುದ್ದೆ. ಹೊಲಕ್ಕೆ ಹೋಗುವವರೇ ಇಲ್ಲ.

ಆ ಗಲಾಟೆಯಲ್ಲಿ ಅತ್ತೆಯ ಮದುವೆಯಾಯಿತು.

ಅವಳು ಆಗಷ್ಟೇ ಹತ್ತನೇ ಕ್ಲಾಸು ಪಾಸಾಗಿದ್ದಳು. ಮೈಸೂರಿನ ಕಾಲೇಜಿಗೆ ಬಸ್ಸಿನಲ್ಲಿ ಹೋಗಿ ಬರುವುದೆಂದು ಮನೆಯಲ್ಲಿ ಒಪ್ಪಿಯೂ ಆಗಿತ್ತು. ಅಷ್ಟರಲ್ಲಿ ಅವಳ ಅಜ್ಜಿ, ಎಂದರೆ ನನ್ನ ಮುತ್ತಜ್ಜಿ, ನಡುಮನೆಯಲ್ಲಿ ಕೂತು ಹಟ ಹಿಡಿಯಿತು. "ಅರಿಶಿನ ಬೀಳ್ದೆ ಸತ್ತ ಎಣ್ಣುಕೂಸಿಗೆ ಮುಕ್ತಿ ಇಲ್ಲ. ಆಕಾಶ ಬೀಳೋದ್ರೊಳಗೆ ಇದನ್ನೊಂದು ದಡ ಸೇರಿಸ್ಬುಡ್ರಪ್ಪ" ಎಂದು ಅತ್ತಿತು. ಕೆ.ಆರ್. ಪೇಟೆ ಕಡೆಯಿಂದ ಹಿಂದೊಮ್ಮೆ ಬಂದು ಹೋಗಿದ್ದ ಸಂಬಂಧವೊಂದನ್ನು ಹುಡುಕಿ ತೆಗೆದರು. ಅವರ ಮನೆಯಲ್ಲೂ ಇಂಥದೇ ಒಂದು ಮುದುಕಿ, ಇಂಥದೇ ಅಳು. ಆಷಾಢ ಬಂದಾಗಿತ್ತು. ಆಷಾಢದಲ್ಲಿ ಮದುವೆ ಮಾಡುವವರು ಯಾರಾದರೂ ಉಂಟೇ? ಶ್ರಾವಣದವರೆಗೆ ಲೋಕವೇ ಇರುವುದಿಲ್ಲವಲ್ಲ ಎಂದು ಅದಕ್ಕೂ ಸಮಾಧಾನ ಹೇಳಿಕೊಂಡರು. ಹೀಗೆ ನಮ್ಮ ವಂಶದಲ್ಲೇ ಆಷಾಢದಲ್ಲಿ ತಾಳಿ ಕಟ್ಟಿಸಿಕೊಂಡ ಒಬ್ಬಳೇ ಹೆಂಗಸು ನಮ್ಮತ್ತೆ.

"ಬೀಳ್ತದೆ ಅಂದಿದ್ರಲ್ಲ, ಅದರ್ ಮಾರ್ನೆ ದಿನ ಬೆಳಗಾಯ್ತು, ಬದುಕಿದ್ದೋ" ಎಂದು ಅವಳು ಹೇಳುವುದಿತ್ತು. "ಆದ್ರೆ ಬೆಳಗಾದದ್ದೇ ಯಾರ್ಗೂ ಗೊತ್ತಾಗ್ನಿಲ್ಲ ಕಣವ್ವ. ಕೂಗಾಕೆ ಈ ಊರಲ್ಲಿ ಒಂದ್ ಉಂಜ ಇರ್ನಿಲ್ಲ. ಎಲ್ಲಾ ತಿಂದ್ಬುಟ್ಟಿದ್ರು. ಸೂರ್ಯ ನೆತ್ತಿಗೆ ಬಂದ್ಮೇಲೆ ಒಬ್ಬೊಬ್ರೇ ಬಾಗ್ಲು ತೆಗ್ದು ಮ್ಯಾಲಕ್ಕೆ ನೋಡ್ತಾವ್ರೆ!"

ಕೇಳುತ್ತಿದ್ದ ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ನಗು ನಿಲ್ಲುವವರೆಗೆ ಕಾದು ಅವಳು ಒಂದು ಮಾತು ಸೇರಿಸುತ್ತಿದ್ದಳು: "ಅದು ಓಗಿ ಆಸ್ಟ್ರೇಲಿಯಾ ತಾವ ಬಿತ್ತು. ನನ್ನ ತಂದು ಇಲ್ಲಿ ಆಕುದ್ರು."

ಆಷಾಢದಲ್ಲಿ ಹೊಸ ಸೊಸೆಯಂದಿರು ತವರಿಗೆ ಹೋಗುವುದು ನಮ್ಮ ಕಡೆಯ ರೂಢಿ. ಅತ್ತೆ ಸೊಸೆ ಆ ತಿಂಗಳು ಒಂದೇ ಹೊಸ್ತಿಲು ದಾಟಬಾರದು ಎನ್ನುತ್ತಾರೆ. ಆದರೆ ಆಷಾಢದಲ್ಲೇ ಒಳಗೆ ಬಂದ ಸೊಸೆಯನ್ನು ಏನು ಮಾಡುವುದೆಂದು ಯಾವ ಶಾಸ್ತ್ರದವರಿಗೂ ಗೊತ್ತಿರಲಿಲ್ಲ. ಕೊನೆಗೆ ಅತ್ತೆಯ ಅತ್ತೆಯೇ ಒಂದು ಕಟ್ಟಳೆ ಮಾಡಿತು. ಆಷಾಢದಲ್ಲಿ ಬಂದವಳು ಆಷಾಢದಲ್ಲಿ ಹೊಸ್ತಿಲು ದಾಟಿದರೆ ಮನೆ ಮುರಿಯುತ್ತದೆ. ಹಾಗಾಗಿ ಊರಿನ ಸೊಸೆಯಂದಿರೆಲ್ಲ ಬ್ಯಾಗು ಹಿಡಿದು ಬಸ್ಸು ಹತ್ತುವ ತಿಂಗಳಿನಲ್ಲಿ ಇವಳು ಮಾತ್ರ ಒಳಗೆ. ಆ ಮುದುಕಿ ಸತ್ತು ಎಷ್ಟೋ ಕಾಲವಾದರೂ ಕಟ್ಟಳೆ ಸಾಯಲಿಲ್ಲ. ಮಾವ, ಎಂದರೆ ಅತ್ತೆಯ ಗಂಡ, ಕೆಟ್ಟವರಲ್ಲ. ಬೈದವರಲ್ಲ, ಹೊಡೆದವರಲ್ಲ. ಎಮ್ಮೆ, ಹೊಲ, ರೇಡಿಯೋ ಇಷ್ಟರಲ್ಲೇ ಮುಳುಗಿದ್ದ ಮಿತಭಾಷಿ. ಕಟ್ಟಳೆ ಬೇಡ ಎಂದು ಅವರು ಒಂದು ಮಾತು ಅಂದಿದ್ದರೆ ಸಾಕಿತ್ತು. ಅನ್ನಲಿಲ್ಲ. ಈಗಲೂ ನೆನೆದರೆ ನನಗೆ ಸಿಟ್ಟು ಬರುತ್ತದೆ.

ಲೋಕದ ಸುದ್ದಿಯೆಲ್ಲ ಅತ್ತೆಗೆ ಪಡಸಾಲೆಯಲ್ಲೇ ತಲುಪಿತು. ಮನುಷ್ಯ ಚಂದ್ರನ ಮೇಲೆ ನಡೆದದ್ದು ಮಾತ್ರ ತವರಿನ ನೆನಪು, ಆಗ ಅವಳು ಒಂದನೇ ಕ್ಲಾಸು. ಉಳಿದವೆಲ್ಲ ಈ ಮನೆಯವೇ. ನಮ್ಮವರು ಮೊದಲ ಸಲ ಕ್ರಿಕೆಟ್ಟಿನ ವಿಶ್ವಕಪ್ಪು ಗೆದ್ದಾಗ ಮಾವ ರೇಡಿಯೋ ಮುಂದೆ ಕುಣಿದರಂತೆ. ಅವರ ಹಲ್ಲು ಅವಳು ಕಂಡದ್ದು ಆಗಲೇ. ದಿಲ್ಲಿಯಲ್ಲಿ ಪ್ರಧಾನಿಯನ್ನು ಗುಂಡಿಟ್ಟು ಕೊಂದಾಗ ಬಸ್ಸುಗಳು ನಿಂತುಹೋಗಿ, ಆಸ್ಪತ್ರೆಗೆ ಹೋಗಲಾಗದೆ, ಮಗಳನ್ನು ಅಡುಗೆಮನೆಯ ಪಕ್ಕದ ಕೋಣೆಯಲ್ಲೇ ಹೆತ್ತಳು. ಆ ಮಗಳು ಈಗ ನಾಗಮಂಗಲದಲ್ಲಿದ್ದಾಳೆ. ಅಮೆರಿಕದ ಜೋಡಿ ಕಟ್ಟಡ ಉರಿದು ಬಿದ್ದದ್ದನ್ನು ಟೀವಿಯಲ್ಲಿ ನೋಡುವಾಗ ಎಮ್ಮೆ ಕರು ಹಾಕಿತು. ಭಾನುವಾರ ಬೆಳಿಗ್ಗೆ ಪುರಾಣದ ಧಾರಾವಾಹಿ ಬರುತ್ತಿದ್ದ ಕಾಲದಲ್ಲಿ ಊರೇ ಇವರ ಪಡಸಾಲೆಯಲ್ಲಿ ಸೇರುತ್ತಿತ್ತು, ಇವಳು ಒಳಗೆ ಎಲ್ಲರಿಗೂ ಕಾಫಿ ಬೆರೆಸುತ್ತಿದ್ದಳು. ಬಾಣ ಬಿಟ್ಟ ಸದ್ದು ಕೇಳಿದ್ದಾಳೆ, ಬಾಣ ನೋಡಿಲ್ಲ.

ಅವಳ ಬದುಕಿನಲ್ಲಿ ಅರ್ಧಕ್ಕೇ ನಿಂತದ್ದು ಇನ್ನೊಂದಿತ್ತು, ಒಂದು ಸಿನಿಮಾ. ಮದುವೆ ಗೊತ್ತಾದ ದಿನ ಅವಳು ಗೆಳತಿಯರ ಜೊತೆ ಶ್ರೀರಂಗಪಟ್ಟಣದ ಟಾಕೀಸಿನಲ್ಲಿ ಮ್ಯಾಟಿನಿ ನೋಡುತ್ತಿದ್ದಳಂತೆ. ಸಿನಿಮಾದ ಹುಡುಗಿ ಓದಬೇಕೆಂದು ಅಪ್ಪನ ಮೇಲೆ ಜಗಳ ಮಾಡಿ, ಟ್ರಂಕು ಹಿಡಿದು ಬಸ್ಸು ಹತ್ತುತ್ತಾಳೆ. ಬಸ್ಸು ಧೂಳೆಬ್ಬಿಸಿಕೊಂಡು ಹೊರಡುತ್ತದೆ, ಇಂಟರ್‌ವಲ್. ಕಡಲೆಕಾಯಿ ಕೊಳ್ಳಲು ಎದ್ದವಳ ರಟ್ಟೆಯನ್ನು ನಮ್ಮ ತಾತ ಹಿಡಿದುಕೊಂಡರು. ಗಂಡಿನ ಕಡೆಯವರು ಬಂದು ಕೂತಿದ್ದಾರೆ, ನಡಿ ಮನೆಗೆ. ಮುಂದಿನ ಅರ್ಧ ಅವಳು ನೋಡಲೇ ಇಲ್ಲ.

ಆಮೇಲೆ ಆ ಸಿನಿಮಾ ನೋಡಿದವರು ಯಾರೂ ಅವಳಿಗೆ ಸಿಗಲಿಲ್ಲ. ಸಿಕ್ಕವರಿಗೆ ಕತೆ ನೆನಪಿರಲಿಲ್ಲ. ಅದಕ್ಕೇ ಉಳಿದರ್ಧವನ್ನು ತಾನೇ ಕಟ್ಟಿದಳು. ರಜೆಗೆ ಹೋದಾಗಲೆಲ್ಲ ನಮಗೆ ಆ ಕತೆ ಹೇಳುತ್ತಿದ್ದಳು. ಒಂದು ವರ್ಷ ಬಸ್ಸು ಹತ್ತಿದ ಹುಡುಗಿ ಡಾಕ್ಟರಾದಳು. ಇನ್ನೊಂದು ವರ್ಷ ಕಲೆಕ್ಟರಾಗಿ ತನ್ನ ಊರಿಗೇ ಬಂದಳು. ನಮ್ಮ ದೇಶದ ಹೆಣ್ಣುಮಗಳೊಬ್ಬಳು ಗಗನಯಾತ್ರೆಗೆ ಹೋದ ಸುದ್ದಿ ಬಂದ ಮೇಲೆ ಸಿನಿಮಾದ ಹುಡುಗಿಯೂ ರಾಕೆಟ್ಟು ಹತ್ತಿಬಿಟ್ಟಳು. ಕತೆ ಏನೇ ಆಗಲಿ, ಅವಳು ಬಸ್ಸಿನಿಂದ ಇಳಿದು ವಾಪಸ್ಸು ಮಾತ್ರ ಬರುತ್ತಿರಲಿಲ್ಲ.

ಕೊರೋನಾ ಬಂದ ವರ್ಷ ನಾನು ಮೈಸೂರಿನಲ್ಲಿ ಕೊನೆಯ ವರ್ಷದ ಡಿಗ್ರಿ ಓದುತ್ತಿದ್ದೆ. ಯುಗಾದಿಗೆ ಊರಿಗೆ ಬಂದವಳನ್ನು, ಅಕ್ಕನಿಗೆ ಹಬ್ಬದ ಸೀರೆ ಕೊಟ್ಟು ಬಾ ಎಂದು ಅಪ್ಪ ಕಳಿಸಿದ. ಕಬ್ಬು ಅರೆಯುವ ಕೆಲಸದಲ್ಲಿ ಅವನಿಗೆ ಪುರುಸೊತ್ತಿರಲಿಲ್ಲ. ಪಾಂಡವಪುರದಲ್ಲಿ ಬಸ್ಸು ಬದಲಿಸಿ, ಚಿನಕುರಳಿ ದಾಟಿ, ರಸ್ತೆಯ ಪಕ್ಕದಲ್ಲೇ ಇರುವ ಅತ್ತೆಯ ಮನೆಗೆ ಹೋದೆ. ಮರುದಿನ ಹಬ್ಬ. ಅಷ್ಟರಲ್ಲಿ ಎಲ್ಲ ಬಂದ್. ಉಟ್ಟ ಬಟ್ಟೆಯಲ್ಲಿ ನಾನು ಅಲ್ಲೇ ಸಿಕ್ಕಿಕೊಂಡೆ.

ಊರಿನವರು ಎರಡೂ ಕಡೆಯ ದಾರಿಗೆ ಜಾಲಿಮುಳ್ಳು ಕಡಿದು ಹಾಕಿದರು. ಹೊರಗಿನವರು ಒಳಗೆ ಬರುವಂತಿಲ್ಲ, ಒಳಗಿನವರು ಹೊರಗೆ ಹೋದರೆ ವಾಪಸ್ಸಿಲ್ಲ. ಬೆಳಿಗ್ಗೆ ಎದ್ದರೆ ಅದೇ ಪಡಸಾಲೆ, ಅದೇ ಗೋಡೆ, ಟೀವಿಯಲ್ಲಿ ಸತ್ತವರ ಸುದ್ದಿ. ಮಧ್ಯಾಹ್ನದ ಹೊತ್ತಿಗೆ ಬೇಸತ್ತು ನಾನು ಹೊಸ್ತಿಲಿಗೂ ಹಿತ್ತಲಿಗೂ ಸುಮ್ಮನೆ ಓಡಾಡುತ್ತಿದ್ದೆ. ಗಂಡಸರಂತೂ ಜಗುಲಿಯ ಮೇಲೆ ಕೂತು ಲೋಕವೇ ಮುಳುಗಿದಂತೆ ನಿಟ್ಟುಸಿರು ಬಿಡುತ್ತಿದ್ದರು. ಅತ್ತೆ ಅವರನ್ನು ನೋಡಿ ಸೆರಗು ಬಾಯಿಗೆ ಹಿಡಿದು ನಗುತ್ತಿದ್ದಳು. "ಈಗ ಗೊತ್ತಾಯ್ತದೆ ಬುಡು. ಒಂದ್ ಆಷಾಡ ಇವ್ರೂ ಕುಂತ್ಕಳ್ಳಿ."

ಅವಳಿಗೆ ಮಾತ್ರ ಆ ದಿನಗಳು ಹೊಸದಾಗಿರಲಿಲ್ಲ. ಟೀವಿಯವರು ಪುರಾಣದ ಹಳೆಯ ಧಾರಾವಾಹಿಯನ್ನು ಮತ್ತೆ ಹಾಕಿದಾಗ ಕಾಲು ಚಾಚಿ ಕೂತು ನೋಡಿದಳು. ಬಾಣಕ್ಕೆ ಬಾಣ ಬಡಿದು ಕಿಡಿ ಹಾರಿದಾಗ, "ಇಷ್ಟೇಯಾ? ಸದ್ದು ಕೇಳಿ ಇನ್ನೂ ದೊಡ್ದಾಗಿರ್ತದೆ ಅನ್ಕಂಡಿದ್ದೆ" ಎಂದು ಬೇಸರಪಟ್ಟಳು.

ಒಂದು ದಿನ ಅಪ್ಪನ ಫೋನು ಬಂತು. ನಾಗಮಂಗಲದ ಕಡೆಯದೊಂದು ಸಂಬಂಧ. ಹುಡುಗನಿಗೆ ಜಮೀನಿದೆ, ನೌಕರಿಯಿದೆ. ಈಗಲಾದರೆ ಮನೆಯಂಗಳದಲ್ಲಿ ಹತ್ತಾರು ಜನ ಸೇರಿ ಮುಗಿಸಬಹುದು, ಛತ್ರವೂ ಬೇಡ, ಊಟದ ಗಲಾಟೆಯೂ ಬೇಡ. ಆಷಾಢ ಹತ್ತುವುದರೊಳಗೆ ಮುಗಿಸೋಣ ಎಂದು ಅವರೂ ಅನ್ನುತ್ತಿದ್ದಾರೆ.

"ಅಪ್ಪ, ನನ್ನ ಪರೀಕ್ಷೆ?" ಎಂದೆ.

"ಯಾವ ಪರೀಕ್ಷೆ ಮಗ? ಅದು ನಡದಾಗ ತಾನೆ. ಪ್ರಪಂಚ ಇರ್ತದೋ ಇಲ್ವೋ ಗೊತ್ತಿಲ್ಲ. ನಾನು ಕಣ್ಮುಚ್ಚೋದ್ರೊಳಗೆ ನಿನ್ನೊಂದು ದಡ ಸೇರಿಸ್ಬುಡ್ತೀನಿ."

ಅಪ್ಪ ಹೆದರಿದ್ದ. ಅವನ ಜೊತೆಯವನೊಬ್ಬ ಹಿಂದಿನ ವಾರವಷ್ಟೇ ತೀರಿಕೊಂಡಿದ್ದ. ಫೋನಿಟ್ಟು ತಿರುಗಿದರೆ ಅತ್ತೆ ಅಕ್ಕಿ ಆರಿಸುತ್ತಿದ್ದ ಕೈ ನಿಲ್ಲಿಸಿ ಕೂತಿದ್ದಳು. "ದಡ ಅಂದ್ನಾ?" ಎಂದು ಕೇಳಿದಳು. ಹೂಂ ಎಂದೆ. ಮತ್ತೆ ಅಕ್ಕಿ ಆರಿಸತೊಡಗಿದಳು.

ಅವತ್ತು ಮಧ್ಯಾಹ್ನ ಏನೂ ತೋಚದೆ, ಸಿಗ್ನಲ್ಲು ಸಿಗುತ್ತಿದ್ದ ಹಿತ್ತಲಿನ ಕಲ್ಲಿನ ಮೇಲೆ ಕೂತು ಮೊಬೈಲು ಒತ್ತುತ್ತಿದ್ದೆ. ಅತ್ತೆಯ ಸಿನಿಮಾ ಇದರಲ್ಲಿ ಇದ್ದರೂ ಇರಬಹುದು ಎಂದು ಹುಡುಕಿದೆ. ಸಿಕ್ಕೇಬಿಟ್ಟಿತು. ಕೂಗಿದ್ದಕ್ಕೆ ಒದ್ದೆ ಕೈ ಸೆರಗಿಗೆ ಒರೆಸಿಕೊಳ್ಳುತ್ತಾ ಓಡಿಬಂದಳು. ಮೊದಲರ್ಧದ ಮಾತುಗಳೆಲ್ಲ ಅವಳಿಗೆ ಬಾಯಿಪಾಠ. ಹುಡುಗಿ ಟ್ರಂಕು ಹಿಡಿದು ಬಸ್ಸು ಹತ್ತಿದಳು. ಬಸ್ಸು ಹೊರಟಿತು. ಅತ್ತೆ ನನ್ನ ರಟ್ಟೆ ಹಿಡಿದುಕೊಂಡಳು, ಬಿಗಿಯಾಗಿ, ಯಾರೋ ಎಬ್ಬಿಸಿಕೊಂಡು ಹೋಗುತ್ತಾರೇನೋ ಎಂಬಂತೆ.

ಉಳಿದರ್ಧ ಶುರುವಾಯಿತು. ಬಸ್ಸು ಸ್ವಲ್ಪ ದೂರ ಹೋಗುತ್ತದೆ. ಹುಡುಗಿಗೆ ಅಪ್ಪನ ಮುಖ ನೆನಪಾಗುತ್ತದೆ. ಬಸ್ಸು ನಿಲ್ಲಿಸಿ ಎಂದು ಕಿರುಚಿ ಇಳಿದುಬಿಡುತ್ತಾಳೆ. ಓಡುತ್ತಾ ಬಂದು ಅಪ್ಪನ ಕಾಲಿಗೆ ಬಿದ್ದು, ಅವನು ತೋರಿಸಿದ ಗಂಡನ್ನು ಮದುವೆಯಾಗಿ, ಆಮೇಲೆ ಕೊನೆಯವರೆಗೂ ಅಳುವುದು, ಹಾಡುವುದು.

"ಇಳ್ದೇಬುಟ್ಲಲ್ಲೇ ಮೂದೇವಿ!" ಎಂದಳು ಅತ್ತೆ. ಅವಳ ಕಣ್ಣಲ್ಲಿ ನೀರಾಡುತ್ತಿತ್ತು. "ಎಷ್ಟ್ ವರ್ಸ ಇವ್ಳು ಓಯ್ತಾನೇ ಅವ್ಳೆ ಅನ್ಕಂಡಿದ್ನಲ್ಲವ್ವ ನಾನು. ನನ್ಗಂತೂ ಬಸ್ಸು ಅತ್ತಾಕೇ ಬುಡ್ನಿಲ್ಲ. ಇವ್ಳು ಅತ್ತಿ ಇಳ್ದವ್ಳಲ್ಲವ್ವ!"



ಜ್ಯೇಷ್ಠದ ಕೊನೆಗೆ ಅಲ್ಲೊಂದು ಇಲ್ಲೊಂದು ಬಸ್ಸು ಓಡಲು ಶುರುವಾಗಿತ್ತು. ಅತ್ತೆಯ ಊರಿನ ಮುಳ್ಳು ಮಾತ್ರ ತೆಗೆದಿರಲಿಲ್ಲ. ಮುಹೂರ್ತಕ್ಕೆ ಇನ್ನೇನು ಎರಡು ದಿನವಿದೆ ಎನ್ನುವಾಗ ಅಪ್ಪ ನನ್ನನ್ನು ಕರೆದೊಯ್ಯಲು ಬೈಕಿನಲ್ಲಿ ಬಂದ. ಮುಳ್ಳಿನಾಚೆ ಬೈಕು ನಿಲ್ಲಿಸಿ, ಮುಖಕ್ಕೆ ಟವೆಲ್ಲು ಸುತ್ತಿಕೊಂಡು, ಹೊಲದ ಬದುವಿನ ಮೇಲೆ ನಡೆದು ಬರುವುದು ಕಾಣಿಸಿತು. ನಾನು ಚೀಲ ಹಿಡಿದು ಪಡಸಾಲೆಯಲ್ಲಿ ನಿಂತಿದ್ದೆ.

ಅಪ್ಪ ಅಂಗಳಕ್ಕೆ ಕಾಲಿಟ್ಟ. "ಅಕ್ಕ, ಕೂಸ್ನ ಕಳ್ಸು" ಎಂದ.

ಅತ್ತೆ ಹೊಸ್ತಿಲ ಒಳಗೆ, ಚೌಕಟ್ಟು ಹಿಡಿದು ನಿಂತಿದ್ದಳು. ಬಾಯಿ ತೆರೆದಳು. ಕೆಮ್ಮಿದಳು.

ಆ ವರ್ಷದ ಕೆಮ್ಮು ಎಂದರೆ ಏನೆಂದು ನಿಮಗೆ ಹೇಳಬೇಕಾಗಿಲ್ಲ. ಅಪ್ಪ ಇದ್ದಲ್ಲೇ ನಿಂತ. ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು ಇನ್ನಷ್ಟು ಕೆಮ್ಮಿದಳು, ಬಗ್ಗಿ, ಎದೆ ಹಿಡಿದುಕೊಂಡು. ಅವತ್ತು ಬೆಳಿಗ್ಗೆ ಕಲ್ಲುಗುಂಡಿನಂತೆ ಕೂತು ಒರಳಲ್ಲಿ ರುಬ್ಬುತ್ತಿದ್ದ ಹೆಂಗಸು.

"ಯಾವಾಗ್ಲಿಂದ ಅಕ್ಕ?" ಅಪ್ಪನ ದನಿ ಇಳಿದಿತ್ತು.

ಅದಕ್ಕೆ ಉತ್ತರ ಒಳಗಿನಿಂದ ಬಂತು. ರೇಡಿಯೋ ಪಕ್ಕ ಕೂತಿದ್ದ ಮಾವ ತಲೆ ಎತ್ತದೆ, "ನಿನ್ನೆಯಿಂದ ಒಂದೇ ಸಮ ಕೆಮ್ತಾವ್ಳೆ ಕಣಪ್ಪ. ಕೂಸೂ ಇಲ್ಲೇ ಅವಳ ಪಕ್ಕದಲ್ಲೇ ಮನಿಕತಾ ಇದ್ಲು. ಈಗ ಕಳ್ಸಿದ್ರೆ ಬೀಗ್ರ ಮನೆಯೋರ್ಗೂ ಅಂಟಿಸ್ದಂಗೆ ಆಯ್ತದೆ" ಎಂದರು. ಅಷ್ಟು ಉದ್ದದ ಮಾತನ್ನು ಅವರ ಬಾಯಲ್ಲಿ ನಾನು ಅದೇ ಮೊದಲು ಕೇಳಿದ್ದು. ಅತ್ತೆಯೂ ಅದೇ ಮೊದಲು ಕೇಳಿರಬೇಕು. ಕೆಮ್ಮುವುದು ಮರೆತು ತಿರುಗಿ ನೋಡಿದಳು.

ಅಪ್ಪ ಒಂದು ಹೆಜ್ಜೆ ಹಿಂದೆ ಸರಿದ. ಅತ್ತೆ ಬಾಗಿಲು ಮುಚ್ಚಿ ಚಿಲಕ ಹಾಕಿದಳು. ಆ ಬಾಗಿಲನ್ನು ಅವಳು ತನ್ನ ಇಷ್ಟದಿಂದ ಹಾಕಿದ್ದು ಅದೇ ಮೊದಲಿರಬೇಕು.

ಅದರ ಬೆಲೆಯನ್ನು ಅವಳೇ ತೆತ್ತಳು. ಕೆಮ್ಮಿನ ಸುದ್ದಿ ಹರಡಿ ಡೇರಿಯವರು ಆ ಮನೆಯ ಹಾಲು ಬೇಡವೆಂದರು. ಆಷಾಢಕ್ಕೆ ಮುಂಚಿನ ಆ ನಾಲ್ಕು ದಿನ ನೀರಿಗೆ ಹೋದರೆ ಹೆಂಗಸರು ಕೊಡ ಎತ್ತಿಕೊಂಡು ದೂರ ಸರಿಯುತ್ತಿದ್ದರು. ಮುಹೂರ್ತ ಕಳೆಯಿತು, ಆಷಾಢ ಹತ್ತಿತು. ಈಗಲಾದರೂ ಮಗಳನ್ನು ಕಳಿಸು ಎಂದು ಅಪ್ಪ ಫೋನು ಮಾಡಿದರೆ ಅತ್ತೆ ಬಲು ದೀನಳಾಗಿ ಹೇಳಿದಳು: "ಈ ಮನೇಲಿರೋ ಎಣ್ಣುಮಕ್ಳು ಆಷಾಡದಲ್ಲಿ ಒಸ್ಲು ದಾಟಾಂಗಿಲ್ಲ ಕಣ್ಲಾ. ನಮ್ಮತ್ತೆ ಮಾಡಿದ್ ಕಟ್ಲೆ. ಮುರಿಯಾಕೆ ನಂಗೆ ಧೈರ್ಯ ಇಲ್ಲಪ್ಪ." ಫೋನಿಟ್ಟ ಮೇಲೆ ಮೂವರೂ ನಕ್ಕೆವು. ಮಾವನೂ.

ಶ್ರಾವಣದ ಹೊತ್ತಿಗೆ ನಾಗಮಂಗಲದವರು ಬೇರೆ ಹೆಣ್ಣು ನೋಡಿಕೊಂಡಿದ್ದರು. ಪರೀಕ್ಷೆ ನಡೆಯುತ್ತದೆಂದು ಕಾಲೇಜಿನಿಂದ ಸುದ್ದಿ ಬಂತು. ಮುಳ್ಳು ಸರಿಸಿದ್ದ ರಸ್ತೆಯಲ್ಲಿ ಅತ್ತೆ ನನ್ನನ್ನು ಮೈಸೂರಿನ ದಾರಿಯ ಬಸ್ಸು ಹತ್ತಿಸಿದಳು. ಕಿಟಕಿಯ ಸರಳು ಹಿಡಿದುಕೊಂಡು, "ಅಪ್ಪ ಅತ್ರೂ ಅಳ್ಲಿ. ಯಾರ್ ಮುಖ ಗ್ಯಾನಕ್ಕೆ ಬಂದ್ರೂ ಬರ್ಲಿ. ನಡುದಾರೀಲಿ ಇಳೀಬ್ಯಾಡ ಕಣವ್ವ" ಎಂದಳು.

ಆ ವರ್ಷ ಗೌರಿ ಹಬ್ಬಕ್ಕೆ ಅಪ್ಪ ಬಾಗಿನ ತೆಗೆದುಕೊಂಡು ಹೋಗಲಿಲ್ಲ. ಕೆಮ್ಮಿನ ಗುಟ್ಟು ಅವನಿಗೆ ಹೇಗೋ ತಿಳಿದಿತ್ತು. ಅತ್ತೆ ಹಬ್ಬದ ದಿನವೆಲ್ಲ ಚೌಕಟ್ಟು ಹಿಡಿದು ರಸ್ತೆ ನೋಡುತ್ತಿದ್ದಳೆಂದು ಮಾವ ನನಗೆ ಆಮೇಲೆ ಹೇಳಿದರು. ಮದುವೆಯಾದಂದಿನಿಂದ ತವರಿನವರು ತಪ್ಪದೆ ತರುತ್ತಿದ್ದದ್ದು ಅದೊಂದೇ. ಮುಂದಿನ ವರ್ಷ ಅಪ್ಪನ ಸಿಟ್ಟು ಇಳಿಯಿತು. ಬಾಗಿನ ಕೈಗಿಟ್ಟು, "ಕೆಮ್ಮು ವಾಸಿ ಆಯ್ತಾ ಅಕ್ಕ?" ಎಂದು ಕೇಳಿದ. "ಎಲ್ಲಿ ವಾಸಿ ಆದದ್ಲಾ? ಬೇಕಾದಾಗ ಬತ್ತದೆ" ಎಂದಳು. ಅಪ್ಪ ನಗಲೂ ಆಗದೆ ಬೈಯಲೂ ಆಗದೆ ಕಾಫಿ ಕುಡಿದ.

ಬಿ.ಎಡ್. ಮುಗಿಸಿ ಕೆ.ಆರ್. ಪೇಟೆಯ ಹೈಸ್ಕೂಲೊಂದರಲ್ಲಿ ಮೇಷ್ಟ್ರು ಕೆಲಸಕ್ಕೆ ಸೇರಿದೆ. ದಿನವೂ ಬೆಳಿಗ್ಗೆ ಊರಿಂದ ಹೋಗುವ ನನ್ನ ಬಸ್ಸು ಅತ್ತೆಯ ಮನೆಯ ಮುಂದೆಯೇ ಹೋಗುತ್ತದೆ. ಅವಳು ಅಂಗಳಕ್ಕೆ ಬಂದು ನಿಂತಿರುತ್ತಿದ್ದಳು. ಆಷಾಢವಾದರೆ ಹೊಸ್ತಿಲ ಒಳಗೇ. ಅವಳ ಬಿಸಿ ಮುದ್ದೆಯ ಆಸೆಗೆ, ಅವಳ ಮಾತಿನ ಆಸೆಗೆ, ಒಂದೊಂದು ದಿನ ಇಳಿದುಬಿಡೋಣ ಎಂದು ಏಳುತ್ತಿದ್ದೆ. ಅವಳಿಗೆ ಹೇಗೋ ಗೊತ್ತಾಗುತ್ತಿತ್ತು. ಎಮ್ಮೆ ಅಟ್ಟುವ ಹಾಗೆ ಎರಡೂ ಕೈ ಬೀಸಿ, "ಓಗು, ಓಗು" ಎಂದು ಗದರುತ್ತಿದ್ದಳು. ಕಂಡಕ್ಟರನಿಗೂ ಅಭ್ಯಾಸವಾಗಿತ್ತು. ನಾನು ಎದ್ದರೆ, "ಕೂತ್ಕೊಳಿ ಮೇಡಂ, ಅವ್ರು ಬುಡಲ್ಲ" ಎಂದು ನಗುತ್ತಿದ್ದ.

ಹೋದ ಆಷಾಢದಲ್ಲಿ ಒಂದು ಬೆಳಿಗ್ಗೆ, ಸ್ಟಾಪಿಗೆ ಇನ್ನೂ ದೂರವಿರುವಾಗಲೇ ಬಸ್ಸು ನಿಧಾನವಾಯಿತು. ರಸ್ತೆಯ ಮೇಲೆ ಜನ. ಹೊಸ್ತಿಲಲ್ಲಿ ಅತ್ತೆ ಇರಲಿಲ್ಲ. ಮಾವ ಜಗುಲಿಯ ಮೇಲೆ ಬರಿಮೈಯಲ್ಲಿ ಕೂತಿದ್ದರು. ಎದೆನೋವು ಎಂದು ನಸುಕಿನಲ್ಲಿ ಎದ್ದವಳು ನೀರು ಕುಡಿಯುವಷ್ಟರಲ್ಲಿ ಹೋಗಿದ್ದಳು. ನಾನು ಮನೆ ಬಿಟ್ಟ ಮೇಲೆ ಅಪ್ಪನಿಗೆ ಫೋನು ಬಂದಿತ್ತಂತೆ. ಅದೆಲ್ಲ ತಿಳಿದದ್ದು ಆಮೇಲೆ.

ಬಸ್ಸಿನ ಕಿಟಕಿಯಿಂದ ನನಗೆ ಕಂಡದ್ದು ಇಷ್ಟು. ಆಷಾಢದಲ್ಲಿ ಹೊಸ್ತಿಲು ದಾಟಬಾರದವಳನ್ನು ಅಂಗಳಕ್ಕೆ ತಂದು ಚಾಪೆಯ ಮೇಲೆ ಮಲಗಿಸಿದ್ದರು. ಮುಖ ಆಕಾಶಕ್ಕಿತ್ತು, ಗದ್ದದ ಹಚ್ಚೆ ಕಾಣುತ್ತಿತ್ತು. ಕಂಡಕ್ಟರ್ ತಾನೇ ಸೀಟಿ ಊದಿ ಬಸ್ಸು ನಿಲ್ಲಿಸಿದ. ನಾನು ಎದ್ದು ಬಾಗಿಲಿಗೆ ಬಂದು ನಿಂತೆ. ಹೋಗು ಎಂದು ಬೀಸುತ್ತಿದ್ದ ಕೈಗಳೆರಡೂ ಅವಳ ಎದೆಯ ಮೇಲೆ ಸುಮ್ಮನಿದ್ದವು.

ಇಳಿದೆ.